ಮೂತಿಯಕ್ಕನ ಹೆಬ್ಬೆಟ್ಟು

ಬೆಳಗಿನ ಆರು ಗಂಟೆ. ಪಿಂಗಾಣಿ ಕಾರ್ಖಾನೆಯ ಶೆಡ್ಡಿನಲ್ಲಿ ಆಗಷ್ಟೇ ಅಚ್ಚಿನಿಂದ ಬಿಡಿಸಿದ ಹಸಿ ಜಗ್ಗುಗಳು ಹಲಗೆಗಳ ಮೇಲೆ ಸಾಲಾಗಿ ನಿಂತಿವೆ. ನೀಲಿ ಏಪ್ರನ್ ಕಟ್ಟಿದ ನಲವತ್ತೇಳರ ಹೆಂಗಸೊಬ್ಬರು ಹೆಬ್ಬೆಟ್ಟನ್ನು ನೀರಿಗದ್ದಿ, ಜಗ್ಗಿನ ನೀರು ಸುರಿಯುವ ಮೂತಿಯ ಅಡಿಗಿಟ್ಟು, ಒಂದೇ ಒಂದು ಎಳೆತ ಎಳೆಯುತ್ತಾರೆ. ಮುಗಿಯಿತು. ಮುಂದಿನದು! ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಚುರುಕು.

ದಿನಕ್ಕೆ ಆರುನೂರ ನಲವತ್ತು ಮೂತಿಗಳು. ಹಾಗಾಗಿ ಕಾರ್ಖಾನೆಗೆಲ್ಲ ಇವರು ಮೂತಿಯಕ್ಕ. ಈ ಹೆಸರಿಗೆ ಬೇಸರವಿಲ್ಲವೇ ಎಂದರೆ ನಗು. "ಯಾಕ್ ಬೇಜಾರು? ಮೂತಿ ಉಬ್ಬಿಸ್ಕೊಂಡು ಕೂತೋಳಿಗೆ ಹಾಗಂದ್ರೆ ಬೇಜಾರಾಗ್ಬೇಕು!"

ಅಪ್ಪ ಕುಂಬಾರ. ಅವರು ಊಟಕ್ಕೆ ಎದ್ದಾಗ ತಿಗರಿ ಖಾಲಿ ಇರುತ್ತಿದ್ದ ಕಾಲು ಗಂಟೆಯಲ್ಲೇ ಮಗಳು ಕಲಿತದ್ದು. ಪ್ಲಾಸ್ಟಿಕ್ ಕೊಡಗಳು ಬಂದವು, ತಿಗರಿ ನಿಂತಿತು. ಇಪ್ಪತ್ತಾರನೇ ವಯಸ್ಸಿಗೆ ಕಾರ್ಖಾನೆ ಸೇರಿದ್ದು ಒಡೆದ ಚೂರು ಗುಡಿಸಲು. ಕೆಲವೇ ವಾರಕ್ಕೆ ಪ್ಯಾಕಿಂಗ್. ಹದಿನೆಂಟು ವರ್ಷ ಬೇರೆಯವರು ಮಾಡಿದ ತಟ್ಟೆ ಬಟ್ಟಲುಗಳನ್ನು ಕಾಗದದಲ್ಲಿ ಸುತ್ತಿದರು. "ದಿನಾ ಮಣ್ಣಿನ ವಾಸನೆ ಮೂಗಿಗೆ ಬಡೀತಿತ್ತು. ಕೈಗೆ ಮಾತ್ರ ಮಣ್ಣು ಸಿಗ್ತಿರ್ಲಿಲ್ಲ. ಊಟದ ವಾಸನೆ ತೋರ್ಸಿ ಎಲೆ ಎತ್ಕೊಂಡು ಹೋದ ಹಾಗೆ."

ಮೂರು ವರ್ಷದ ಹಿಂದೆ ಆ ಜಗ್ಗು ಬಂತು. ಕಾರ್ಖಾನೆಯ ಹೊಸ ಡಿಸೈನರ್ ಕಂಪ್ಯೂಟರಿನಲ್ಲಿ ಬರೆದದ್ದು: ಹಂಸದಂಥ ಕತ್ತು, ತೆಳು ಹೊಟ್ಟೆ. ದೊಡ್ಡ ಹೋಟೆಲಿನವರು ಸಾವಿರಗಟ್ಟಲೆ ಕೇಳಿದರು. ಒಂದೇ ತೊಂದರೆ. ನೀರು ಬಗ್ಗಿಸಿದರೆ ಅರ್ಧ ಲೋಟಕ್ಕೆ, ಉಳಿದದ್ದು ಜಗ್ಗಿನ ಹೊಟ್ಟೆಗುಂಟ ಇಳಿದು ಮೇಜಿಗೆ. ಮೂರು ಸಲ ಅಚ್ಚು ಬದಲಿಸಿದರೂ ಸೋರುವುದು ನಿಲ್ಲಲಿಲ್ಲ. ಸರಿಯಾದ ಮಾದರಿ ಒಪ್ಪಿಸುವ ಗಡುವಿಗೆ ನಾಲ್ಕೇ ದಿನ. ಆರ್ಡರ್ ತಪ್ಪಿದರೆ ಅಚ್ಚಿನ ವಿಭಾಗವನ್ನೇ ಮುಚ್ಚುವ ಮಾತು. ಅಲ್ಲಿದ್ದವರು ನಲವತ್ತು ಜನ.

ಪ್ಯಾಕಿಂಗ್ ಮೇಜಿನಿಂದಲೇ ಇವರು ಬಾಯಿಬಿಟ್ಟರು. "ಮೂತಿ ತುದಿ ದುಂಡಗಿದೆ. ನೀರಿಗೆ ಹಿಡ್ಕೊಳ್ಳೋಕೆ ಜಾಗ ಸಿಕ್ತಿದೆ. ತುದಿ ಚೂಪಾಗ್ಬೇಕು, ಅಡಿಗೊಂದು ತಗ್ಗು ಬೇಕು."

ಮೇಸ್ತ್ರಿ ಗದರಿದ: "ನಿಮ್ ಕೆಲಸ ನೋಡ್ಕೊಳ್ಳಿ ಅಕ್ಕ. ಕಂಪ್ಯೂಟರ್‌ಗಿಂತ ನಿಮ್ಗೆ ಜಾಸ್ತಿ ಗೊತ್ತಾ?"

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆಯೇ? ಆದರೆ ಡಿಸೈನರ್ ಸೀದಾ ಪ್ಯಾಕಿಂಗ್ ಮೇಜಿಗೆ ಬಂದಳು. "ಅಕ್ಕಾ, ಆಗ ಏನಂದ್ರಿ? ಮಾಡಿ ತೋರ್ಸಿ."

ಹದಿನೆಂಟು ವರ್ಷದ ಮೇಲೆ ಕೈಗೆ ಹಸಿ ಮಣ್ಣು! "ಹೆಬ್ಬೆಟ್ಟಿಗೆ ಎಲ್ಲಾ ನೆನಪಿತ್ತು ನೋಡಿ." ಐದು ಜಗ್ಗುಗಳ ಮೂತಿ ತಿದ್ದಿದರು. ಒಣಗಿ, ಬೆಂದು, ಮೂರನೇ ದಿನ ಆವಿಗೆಯಿಂದ ಹೊರಬಂದವು. ಮೇಜಿಗೆ ಬಿಳಿ ಬಟ್ಟೆ ಹಾಸಿದರು. ಡಿಸೈನರ್ ಬಗ್ಗಿಸಿದಳು. ನೀರು ಕತ್ತರಿಸಿದಂತೆ ನಿಂತಿತು. ಬಟ್ಟೆಯ ಮೇಲೆ ಒಂದು ಹನಿ? ಊಹೂಂ! ಮೇಸ್ತ್ರಿ ಜಗ್ಗು ಕಸಿದುಕೊಂಡು ನಿಧಾನಕ್ಕೆ ಸುರಿದ, ಜೋರಾಗಿ ಸುರಿದ, ನಡುವೆ ನಿಲ್ಲಿಸಿ ಸುರಿದ. ಬಟ್ಟೆ ಒಣಒಣ. ಶೆಡ್ಡು ಸಿಳ್ಳೆಯಿಂದ ತುಂಬಿತು. ಪರೀಕ್ಷೆಯ ಹೆಸರಲ್ಲಿ ನಲವತ್ತು ಜನವೂ ಹೊಟ್ಟೆ ಬಿರಿಯುವಷ್ಟು ನೀರು ಕುಡಿದರು.

ಅಂದಿನಿಂದ ಏರ್ಪಾಡೇ ಬದಲಾಯಿತು. ಆಕಾರ ಅಚ್ಚಿನದು, ಕೊನೆಯ ಎಳೆತ ಕೈಯದು. ಮೂತಿಯಕ್ಕ ಈಗ ನಾಲ್ವರು ಹೆಂಗಸರಿಗೆ ಕಲಿಸುತ್ತಾರೆ. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಮ್ಮಲ್ಲಿ ಕೈ ಕೆಸರಾದ್ರೇನೇ ಜಗ್ಗಿಗೆ ಬಾಯಿ!" ಮೇಸ್ತ್ರಿಯೇ ಈಗ ಹೊಸ ಮಾದರಿಗಳನ್ನು ಹೊತ್ತು ತಂದು, "ಅಕ್ಕ, ಒಂಚೂರು ನೋಡ್ತೀರಾ?" ಎನ್ನುತ್ತಾನೆ.

ಸುಖವೇನೂ ಬಿಟ್ಟಿ ಬಂದದ್ದಲ್ಲ. ಚಳಿಗಾಲದಲ್ಲಿ ಹೆಬ್ಬೆಟ್ಟು ಸೀಳುತ್ತದೆ, ಎಣ್ಣೆ ಹಚ್ಚಿ ಬಟ್ಟೆ ಸುತ್ತಬೇಕು. ಹೆಬ್ಬೆಟ್ಟಿನ ಗೆರೆಗಳು ಸವೆದು ಗೇಟಿನ ಹಾಜರಿ ಯಂತ್ರ ಅದನ್ನು ಗುರುತಿಸುವುದೇ ಇಲ್ಲ. "ಕಿರುಬೆರಳು ಒತ್ತಿ ಒಳಗ್ ಬರ್ತೀನಿ. ಅದಕ್ಕೂ ಏನಾದ್ರೂ ಕೆಲಸ ಬೇಕಲ್ಲ!"

ಮೊದಲ ಜಗ್ಗನ್ನು ಅಪ್ಪನಿಗೆ ಒಯ್ದಿದ್ದರು. ಎಂಬತ್ತರ ಮುದುಕ ನೀರು ಸುರಿದು, ಮೂತಿಯಡಿ ಬೆರಳಾಡಿಸಿ, ಒದ್ದೆಯಾಗದಿದ್ದುದನ್ನು ಕಂಡು ಕೇಳಿದರಂತೆ: "ಇದನ್ನ ನಾನು ಹೇಳ್ಕೊಟ್ಟಿರ್ಲಿಲ್ವಲ್ಲೇ?"

"ನೀನು ಊಟಕ್ಕೆ ಹೋದಾಗ ಕಲ್ತಿದ್ದಪ್ಪಾ."

"ಹಾಗಾದ್ರೆ ನಾನು ಇನ್ನೂ ನಿಧಾನಕ್ಕೆ ಉಣ್ಬೇಕಿತ್ತು."

ನಮ್ಮ ಮಾತಿನ ನಡುವೆ ಡಿಸೈನರ್ ಕಾಗದದ ಸುರುಳಿ ಹಿಡಿದು ಓಡಿಬರುತ್ತಾಳೆ. ಹೊಸ ಚಹಾ ಕೆಟಲ್ಲಿನ ಚಿತ್ರ. ಮೂತಿಯಕ್ಕ ಕೈ ಒರೆಸಿಕೊಂಡು ನೋಡುತ್ತಾರೆ, ತಲೆ ಓರೆ ಮಾಡುತ್ತಾರೆ. "ಮೂತಿ ಬಿಡು, ಅದು ನಂದು. ಬಗ್ಗಿಸಿದಾಗ ಮುಚ್ಚಳ ಬಿದ್ರೆ?" ಇಬ್ಬರೂ ಮೇಜಿಗೆ ಬಾಗುತ್ತಾರೆ. ಆಸೆಯೇನಾದರೂ ಇದೆಯೇ ಎಂದು ಕೇಳಿದರೆ ತಲೆಯೆತ್ತದೆಯೇ ಉತ್ತರ:

"ಟೀ ಹಾಕ್ಕೊಡೋವಾಗ ಯಾರೂ ಮುಚ್ಚಳದ ಮೇಲೆ ಬೆರಳಿಟ್ಟು ಸುಟ್ಕೋಬಾರ್ದು. ಅಷ್ಟಾಗ್ಲಿ. ಆಗುತ್ತೆ, ನೋಡ್ತಿರಿ."