ಎಡಗೈಯ ಭಾರ

ಕಿವಿ ಕೆಟ್ಟಿತೇ? ಮಗುವಿಗೆ ಗಂಜಿ ತಿನ್ನಿಸುವಾಗಲೂ ಅದರ ಬಟ್ಟೆ ಹಿಂಡುವಾಗಲೂ ಸುನ್ನಿವಾಳ ತಲೆಯನ್ನು ಈ ಒಂದೇ ಹುಳು ಕೊರೆಯುತ್ತಿತ್ತು.

ಬರುವ ಶುಕ್ರವಾರ ಸ್ಮಶಾನದ ಪಕ್ಕದ ಚರ್ಚಿನಲ್ಲಿ ಅಜ್ಜಿಯೊಬ್ಬಳ ಅಂತ್ಯಸಂಸ್ಕಾರವಿತ್ತು. ಅಜ್ಜಿಗೆ ಪ್ರಿಯವಾಗಿದ್ದ ಹಳೆಯ ಸಿನಿಮಾವೊಂದರ ಹಿನ್ನೆಲೆ ಸಂಗೀತವನ್ನು ಪಿಯಾನೊ ಒಂದರಲ್ಲೇ ನುಡಿಸಬೇಕೆಂದು ಮನೆಯವರು ಸುನ್ನಿವಾಳನ್ನು ಕೇಳಿದ್ದರು. ಚಿಕ್ಕಂದಿನಲ್ಲಿ ಟೀವಿಯಿಂದ ತುಂಬಿಸಿಕೊಂಡಿದ್ದ ಕ್ಯಾಸೆಟ್ ಸವೆಯುವಷ್ಟು ಹಾಕಿ ಸುನ್ನಿವಾ ಕಲಿತ ಸಂಗೀತ ಅದು. ನಿದ್ದೆಯಿಂದ ಎಬ್ಬಿಸಿ ಕೂರಿಸಿದರೂ ನುಡಿಸಿಯಾಳು. ಆದರೂ ಒಮ್ಮೆ ಕೇಳಿಬಿಡೋಣವೆಂದು ಫೋನಿನಲ್ಲಿ ಮೂಲ ಸಂಗೀತ ಹಾಕಿದರೆ, ಅದು ಅವಳ ನೆನಪಿಗಿಂತ ಹತ್ತಿರ ಹತ್ತಿರ ಅರ್ಧ ಸ್ವರ ಕೆಳಗೆ ಹಾಡುತ್ತಿತ್ತು.

ಸುನ್ನಿವಾ ಸ್ವರಲಿಪಿ ನೋಡಿ ನುಡಿಸುವವಳಲ್ಲ. ಸಂಗೀತ ಶಾಲೆಗೆ ಸ್ವಲ್ಪ ಕಾಲ ಹೋಗಿ ಬಿಟ್ಟವಳು. ಸಿನಿಮಾ ಹಾಕಿದಾಗ ಬೇರೆ ಮಕ್ಕಳು ತೆರೆಯ ಮೇಲಿನ ಕುದುರೆ ನೋಡುತ್ತಿದ್ದರೆ ಇವಳ ಕಿವಿ ಕೆಳಗೆಲ್ಲೋ ಗುನುಗುವ ದಪ್ಪ ತಂತಿಗಳ ಮೇಲಿರುತ್ತಿತ್ತು. ಇಡೀ ವಾದ್ಯಮೇಳದ ನಾದವನ್ನು ಹತ್ತು ಬೆರಳಿಗೆ ಇಳಿಸಬೇಕಾದರೆ ಮೊದಲು ತಳ ಹುಡುಕಬೇಕು. ತಳದ ಸ್ವರ ಸಿಕ್ಕಿತೆಂದರೆ ಮೇಲಿನ ರಾಗ ತಾನಾಗಿ ಬಂದು ಕೂರುತ್ತದೆ. ನಡುವಿನದರಲ್ಲಿ ಏನನ್ನು ಬಿಡಬೇಕೆನ್ನುವುದೇ ಜಾಣತನ. ಬರ್ಗೆನ್ನಿನಲ್ಲಿ ಮದುವೆಯಿರಲಿ, ಸಾವಿರಲಿ, ಸಿನಿಮಾದ ಸಂಗೀತ ಬೇಕೆಂದವರು ಅವಳನ್ನೇ ಕರೆಯುತ್ತಿದ್ದರು. ಅವಳ ಬಂಡವಾಳವೆಂದರೆ ಆ ಎರಡು ಕಿವಿ.

ಅವಳ ಅಮ್ಮ ಟೊರುನ್‌ಗೂ ಎರಡು ಕಿವಿ ಚೆನ್ನಾಗಿಯೇ ಇದ್ದವು, ಸುನ್ನಿವಾ ಹುಟ್ಟುವವರೆಗೆ. ಹೆರಿಗೆಯಾದ ಮೇಲೆ ಒಂದೊಂದಾಗಿ ಮಂದವಾದವು. "ನಿನ್ನ ಹೆತ್ತಿದ್ದಕ್ಕೆ ಕಿವಿ ಕೊಟ್ಟೆ ಕಣೇ, ಲಾಭದ ವ್ಯಾಪಾರನೇ ಬಿಡು" ಎಂದು ನಗುತ್ತಿದ್ದಳು ಟೊರುನ್. ಕೆಲಸಕ್ಕಿದ್ದ ಮೀನಂಗಡಿಯಲ್ಲಿ ಅವಳು ಎಷ್ಟು ಮೆಲ್ಲಗೆ ಮಾತಾಡುತ್ತಿದ್ದಳೆಂದರೆ ಗಿರಾಕಿಗಳು ಕಟ್ಟೆಯ ಮೇಲೆ ಬಗ್ಗಿ ಬಗ್ಗಿ ಕೇಳಬೇಕಾಗುತ್ತಿತ್ತು. ಕಿವುಡರು ಕೂಗುತ್ತಾರೆ ಎನ್ನುತ್ತಾರೆ. ಅಮ್ಮನಿಗೆ ಮಾತ್ರ ತನ್ನ ದನಿಯೇ ತಲೆಯೊಳಗೆ ಗುಡುಗುತ್ತಿತ್ತಂತೆ.

ಈಗ ಸುನ್ನಿವಾಳ ಮಗಳು ಇದುನ್‌ಗೆ ಹಲ್ಲು ಬರುತ್ತಿತ್ತು. ಹೋದ ವಾರ ಆ ಊರಿನ ಎಲ್ಲರೂ ಮಕ್ಕಳಿಗೆ ಮಾಡುವಂತೆ ಅವಳನ್ನೂ ಬೆಚ್ಚಗೆ ಸುತ್ತಿ, ತಳ್ಳುಗಾಡಿಯಲ್ಲಿ ಬಾಲ್ಕನಿಯ ಚಳಿಗಾಳಿಗೆ ಮಲಗಿಸಿ, ಸುನ್ನಿವಾ ಪಿಯಾನೊ ಮುಂದೆ ಕೂತಿದ್ದಳು. ಗಂಡ ಐವಿಂದ್ ಕೆಲಸದಿಂದ ಬಂದಾಗ ಮಗು ಅತ್ತು ಅತ್ತು ಕೆಂಪಗಾಗಿತ್ತು.

"ಮೂರು ಮನೆಗೆ ಕೇಳಿಸ್ತಿದೆ, ನಿಂಗೆ ಕೇಳಿಸ್ಲಿಲ್ವಾ?"

"ನುಡಿಸೋದ್ರಲ್ಲಿ ಮುಳುಗಿದ್ದೆ."

"ಏನಂದೆ? ಯಾಕೆ ಹಿಂಗೆ ಪಿಸುಗುಡ್ತೀಯ ಮಾರಾಯ್ತಿ, ಮಗು ಎದ್ದೇ ಇದೆಯಲ್ಲ!"

ಕಿವಿ ವೈದ್ಯರ ನಂಬರನ್ನು ಫೋನಿನಲ್ಲಿ ತೆಗೆಯುವುದು, ಇಡುವುದು. ಕರೆ ಮಾಡಿದರೆ ನಿಜವಾಗಿಬಿಡುತ್ತದಲ್ಲ ಎಂಬ ಭಯ.

ಬುಧವಾರ ತಾಲೀಮಿಗೆ ಇದುನ್‌ಳನ್ನೂ ಕರೆದುಕೊಂಡು ಚರ್ಚಿಗೆ ಹೋದಳು. ಅಲ್ಲಿ ಆರ್ಗನ್ ನುಡಿಸುವ ಗೌತೆ, ತಲೆ ನರೆತ ತಮಾಷೆಯ ಮನುಷ್ಯ, ಕಾಯುತ್ತಿದ್ದ. ಅವಳು ತಡೆಯಲಾರದೆ ಹೇಳಿಯೇಬಿಟ್ಟಳು: "ಗೌತೆ, ನನ್ನ ಕಿವಿ ಕೆಟ್ಟಿದೆ. ಆ ಸಂಗೀತ ನಂಗೀಗ ಕೆಳಗಿನ ಶ್ರುತಿಯಲ್ಲಿ ಕೇಳಿಸ್ತಿದೆ."

"ಎಲ್ಲಿಂದ ಕಲಿತಿದ್ದೆ?"

"ಟೀವಿ ಕ್ಯಾಸೆಟ್ಟಿಂದ."

ಗೌತೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಪೆದ್ದಿ! ಆಗೆಲ್ಲ ಟೀವಿಯಲ್ಲಿ ಸಿನಿಮಾನ ಚೂರು ವೇಗವಾಗಿ ಓಡಿಸ್ತಿದ್ರು. ಓಟ ಹೆಚ್ಚಾದ್ರೆ ಶ್ರುತಿ ಏರುತ್ತೆ. ಕಿವಿಯಲ್ಲೇ ಕಲಿತೋರೆಲ್ಲ ಈ ಹಳ್ಳಕ್ಕೆ ಬಿದ್ದೋರೇ, ನಾನೂ ಬಿದ್ದಿದ್ದೀನಿ. ನುಡಿಸು, ನುಡಿಸು."

ಎದೆಯ ಮೇಲಿನ ಬಂಡೆ ಉರುಳಿದಂತಾಯಿತು. ಸುನ್ನಿವಾ ನಗುನಗುತ್ತಲೇ ಕೂತು ಪೂರ್ತಿ ನುಡಿಸಿದಳು. ಮುಗಿಸಿ ತಿರುಗಿದರೆ ಗೌತೆ ನಗುತ್ತಿರಲಿಲ್ಲ.

"ಎಡಗೈ ಯಾಕಮ್ಮ ಹಂಗೆ ಗುದ್ದುತ್ತೀಯ? ಸತ್ತೋರ ಮನೇಲಿ ಬೂಟು ಹಾಕ್ಕೊಂಡು ಓಡಾಡಿದಂಗಿದೆ."

"ಹದವಾಗೇ ಇತ್ತಲ್ಲ?"

"ಏಳು, ತೋರಿಸ್ತೀನಿ."

ಗೌತೆ ಕೂತು ಅದೇ ಭಾಗವನ್ನು ನುಡಿಸಿದ. ಬಲಗೈಯ ರಾಗ ಕೇಳಿಸಿತು. ಎಡಗೈಯ ಬೆರಳುಗಳು ಕೆಳಸ್ವರದ ಕೀಲಿಗಳನ್ನು ಒತ್ತುತ್ತಿರುವುದು ಸುನ್ನಿವಾಳಿಗೆ ಕಾಣುತ್ತಿತ್ತು. ಅವು ಒತ್ತುತ್ತಿದ್ದವು, ಏಳುತ್ತಿದ್ದವು. ನಾದ ಮಾತ್ರ ಅವಳವರೆಗೆ ಬರಲಿಲ್ಲ. ಪಿಯಾನೊದ ಮೈಗೆ ಅಂಗೈ ಒತ್ತಿದಳು. ಮರ ನಡುಗುತ್ತಿತ್ತು. ಅಲ್ಲಿತ್ತು ತಳ, ಅವಳು ಬದುಕಿಡೀ ಮೊದಲು ಹುಡುಕುತ್ತಿದ್ದ ತಳ.

"ನೀವು ಎಡಗೈ ನುಡಿಸ್ತಾನೇ ಇದ್ರಾ?" ಎಂದಳು.

ಗೌತೆ ಅವಳ ಮುಖವನ್ನೇ ನೋಡಿದ. "ಸ್ವಲ್ಪ ಜೋರಾಗಿ ಹೇಳಮ್ಮ."

ಅವಳ ಅಂಗೈ ಇನ್ನೂ ಪಿಯಾನೊದ ಮೈಮೇಲೇ ಇತ್ತು. ಅವನಿಗೆ ಅರ್ಥವಾಗಿರಬೇಕು. "ಶುಕ್ರವಾರ ನೀನೇ ನುಡಿಸೋದು. ಎಷ್ಟು ಒತ್ಬೇಕು ಅಂತ ನಾನು ಎದುರಿಗೆ ಕೂತು ಕೈಸನ್ನೆ ಮಾಡ್ತೀನಿ. ಆದ್ರೆ ಅದು ಶುಕ್ರವಾರದ ಮಾತು. ಇವತ್ತಿಂದು ಇವತ್ತೇ ಮಾಡು."

ತಳ್ಳುಗಾಡಿಯನ್ನು ಹೊರಗಿನ ಜಗಲಿಗೆ ತಂದು ಬೆಂಚಿನ ಮೇಲೆ ಕೂತಳು. ಇದುನ್ ಬಾಯೊಳಗೆ ಮುಷ್ಟಿಯಿಟ್ಟುಕೊಂಡು ನಿದ್ದೆ ಹೋಗಿದ್ದಳು. ಉಸಿರಾಡುತ್ತಿದ್ದಾಳೋ ಎಂದು ಬಗ್ಗಿದರೆ ಉಸಿರಿನ ಸದ್ದಿಲ್ಲ. ಹೊದಿಕೆ ಏರಿಳಿಯುವುದು ಕಂಡ ಮೇಲೆಯೇ ಜೀವ ಬಂದಿತು. ಇನ್ನು ಮುಂದೆ ಹೀಗೇನೇ? ಮಗಳನ್ನು ಕಣ್ಣಿನಲ್ಲೇ ಕೇಳಬೇಕೇ?

ನಂಬರ್ ಒತ್ತಿದಳು. ಫೋನನ್ನು ಎಡಗಿವಿಗಿಟ್ಟಳು, ತಡೆದು, ಬಲಗಿವಿಗೆ ಬದಲಿಸಿದಳು.

"ಕಿವಿ ಚಿಕಿತ್ಸಾಲಯ, ಹೇಳಿ."

"ನಂಗೆ ಒಂದು ಸಮಯ ಬೇಕಿತ್ತು, ಡಾಕ್ಟರನ್ನ ನೋಡೋಕೆ."

"ಹಲೋ? ಕೇಳಿಸ್ತಿಲ್ಲ, ಸ್ವಲ್ಪ ಜೋರಾಗಿ ಮಾತಾಡಿ."

ಮೀನಂಗಡಿಯ ಕಟ್ಟೆಯ ಮೇಲೆ ಬಗ್ಗಿದ ತಲೆಗಳು ಕಣ್ಮುಂದೆ ಬಂದವು. ಸುನ್ನಿವಾ ಉಸಿರೆಳೆದುಕೊಂಡಳು. ತಲೆಯೊಳಗೆ ಗುಡುಗಿದರೆ ಗುಡುಗಲಿ, ಮಗು ಎದ್ದರೆ ಏಳಲಿ.

"ನನ್ನ ಹೆಸರು ಸುನ್ನಿವಾ. ನಾನು ಪಿಯಾನೊ ನುಡಿಸ್ತೀನಿ. ನಂಗೆ ಕಿವಿ ಕೇಳಿಸ್ತಿಲ್ಲ."