ಅರಿಶಿನ ಹಚ್ಚಿದ ವಾಯುಪಡೆ

ತಪ್ಪು ನನ್ನದು. ಮೊದಲ ಸಾಲಿನಲ್ಲೇ ಒಪ್ಪಿಕೊಂಡುಬಿಟ್ಟರೆ ಆಮೇಲೆ ಬೇರೆಯವರನ್ನು ಬೈಯಲು ಅನುಕೂಲ, ಅದಕ್ಕೇ ಹೇಳಿಬಿಡುತ್ತಿದ್ದೇನೆ. ಒಂದು ಸ್ವತಂತ್ರ ದೇಶದ ವಾಯುಪಡೆಗೆ, ಅದರ ಹಳೆಯ ವಿಮಾನ ಹೊಸ ವಿಮಾನ ಒಂದನ್ನೂ ಬಿಡದೆ, ಅರಿಶಿನ ಕುಂಕುಮ ಹಚ್ಚಿಸಿದವನು ನಾನೇ. ಶತ್ರುಗಳೂ ಮಾಡದ ಕೆಲಸ.

ನನ್ನ ಕಸುಬು ಮಿಮಿಕ್ರಿ. ಕನಕಪುರ ರಸ್ತೆಯ ಬಸ್ ಕಂಡಕ್ಟರು, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ದಲ್ಲಾಳಿ, ನಮ್ಮ ಬೀದಿಯ ನಲ್ಲಿ ನೀರು ಬಿಡುವವನು, ಯಾರನ್ನು ಕೇಳಿದರೂ ಮಾಡಿ ತೋರಿಸುತ್ತೇನೆ. ನನ್ನದೇ ದನಿ ಹೇಗಿದೆ ಎಂದು ಮಾತ್ರ ಕೇಳಬೇಡಿ. ಮೈಕು ಕೈಗೆ ಸಿಕ್ಕಾಗಿನಿಂದ ಅದು ಎಲ್ಲೋ ಕಳೆದುಹೋಗಿದೆ, ಸಿಕ್ಕಿದವರು ತಿಳಿಸಬೇಕು.

ನಮ್ಮವ್ವನ ತಂಗಿ, ನನ್ನ ಚಿಕ್ಕವ್ವ, ಚನ್ನಪಟ್ಟಣದಲ್ಲಿ ಮರದ ಆಟಿಕೆ ಕಡೆಯುವವಳು. ಮನೆ ಪಕ್ಕದ ಶೀಟಿನ ಕೊಟ್ಟಿಗೆಯಲ್ಲಿ ಅವಳ ಲೇತು, ಮರವನ್ನು ತಿರುಗಿಸುವ ಯಂತ್ರ. ನಾನು ಹುಟ್ಟುವುದಕ್ಕೂ ಮೊದಲಿನಿಂದ ಆ ಲೇತಿನ ಮುಂದೆ ಕೂತಿದ್ದಾಳೆ. ಅವಳು ಕಡೆದ ಬುಗುರಿ, ಗಿಲಕಿ, ರೈಲುಬಂಡಿಗಳು ಯಾವ ಯಾವ ದೇಶದ ತೊಟ್ಟಿಲುಗಳಲ್ಲಿವೆಯೋ ಲೆಕ್ಕವಿಲ್ಲ. ಎಲ್ಲದರ ತಳದಲ್ಲೂ ಅಂಗಡಿಯ ಸಾಹುಕಾರರ ಚೀಟಿ. ಅವಳ ಹೆಸರು ಒಂದರಲ್ಲೂ ಇಲ್ಲ.

ಸಾಹುಕಾರರ ಅಂಗಡಿ ಹಳೆಯ ಮೈಸೂರು ರಸ್ತೆಯಲ್ಲಿದೆ. ಹೊಸ ರಸ್ತೆ ಊರನ್ನು ಬಳಸಿಕೊಂಡು ಹೋದ ಮೇಲೆ ಗಿರಾಕಿ ಕಡಿಮೆಯಾಗಿ, ಬಂದವರನ್ನು ಸೆಳೆಯಲು ಅಂಗಡಿಯ ಮುಂದೆಯೇ ಒಂದು ಲೇತು ಹೂಡಿಸಿದ್ದಾರೆ. ಪ್ರವಾಸಿಗರು ಬಂದರೆ ಸಾಹುಕಾರರೇ ಅದರ ಪಕ್ಕ ಉಳಿ ಹಿಡಿದು ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಉಳಿಯನ್ನು ಸಾರಿನ ಸೌಟು ಹಿಡಿದ ಹಾಗೆ ಹಿಡಿಯುತ್ತಾರೆ ಎಂಬುದು ಫೋಟೊದಲ್ಲಿ ಗೊತ್ತಾಗುವುದಿಲ್ಲ.

ಆ ಅಂಗಡಿಗೆ ಒಂದು ದಿನ ನಿವೃತ್ತ ವಿಮಾನ ಚಾಲಕರೊಬ್ಬರು ಬಂದರು. ಅವರದು ತೀರಾ ಪುಟ್ಟ ದೇಶ. ತರುಣರಾಗಿದ್ದಾಗ ತರಬೇತಿಗೆಂದು ಬೆಂಗಳೂರಿನಲ್ಲಿದ್ದವರು, ಆಗ ಕಂಡ ನಮ್ಮೂರ ಆಟಿಕೆಯನ್ನು ಮರೆತಿರಲಿಲ್ಲ. ತಮ್ಮ ವಾಯುಪಡೆಯ ವಸ್ತುಸಂಗ್ರಹಾಲಯದ ಗಾಜಿನ ಕಪಾಟಿಗೆ, ಅಲ್ಲಿ ಈವರೆಗೆ ಹಾರಿದ ವಿಮಾನಗಳ ಬಗೆಗೊಂದರಂತೆ ಮರದಲ್ಲಿ ಮಾಡಿಕೊಡಿ ಎಂದರು. ಆರು ಹಿಂದಿನವು, ಐದು ಈಗಿನವು. ಹನ್ನೊಂದಕ್ಕೆ ಆ ದೇಶದ ಆಕಾಶ ಮುಗಿಯಿತು. ಒಂದೇ ಷರತ್ತು: ಪ್ರತಿ ವಿಮಾನದ ಪೀಠದ ತಳದಲ್ಲಿ ಅದನ್ನು ಕಡೆದವರು ತಮ್ಮ ಕೈಯಾರೆ, ತಮ್ಮ ಲಿಪಿಯಲ್ಲಿ ಹೆಸರು ಬರೆದಿರಬೇಕು.

ಆಗ ಅಂಗಡಿಯಲ್ಲೇ ಇದ್ದು, ಚಿಕ್ಕವ್ವನಿಗೆ ಈ ಷರತ್ತನ್ನು ಹೇಳಿದವನೂ ನಾನೇ. ಮಾರನೆಯ ದಿನ ಅವಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತನ್ನ ಹೆಸರನ್ನು ಬರೆದು ಬರೆದು ತುಂಬಿಸಿದ್ದಳು. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಬಾರದೆಂದು ಕಲಿತ ಅಕ್ಷರ ಅದು. ಒಂದೊಂದೂ ಒಂದೊಂದು ಕಡೆ ವಾಲಿಕೊಂಡಿತ್ತು. ನಾನು ನಕ್ಕೆ. ಇದನ್ನೂ ನನ್ನ ತಪ್ಪಿನ ಪಟ್ಟಿಗೆ ಸೇರಿಸಿಕೊಳ್ಳಿ.

ಚಾಲಕರು ಕೊಟ್ಟ ಪುಸ್ತಿಕೆಯಲ್ಲಿ ಹಳೆಯ ವಿಮಾನಗಳು ಕಪ್ಪು ಬಿಳುಪು ಫೋಟೊದಲ್ಲಿದ್ದವು. ಎರಡು ಅಂತಸ್ತಿನ ರೆಕ್ಕೆಯದೊಂದು, ಸಾಮಾನು ಹೊರುವ ಹೊಟ್ಟೆ ದೊಡ್ಡದೊಂದು, ಮೂತಿ ಚಪ್ಪಟೆಯ ಮೊದಲ ಜೆಟ್ಟು. ಹೊಸವು ಬಣ್ಣದ ಫೋಟೊಗಳೇ, ಆದರೆ ವಿಮಾನಗಳ ಬಣ್ಣವೇ ಬೂದು.

"ಹಳೇವಕ್ಕೂ ಬಣ್ಣಿಲ್ಲ, ಹೊಸವಕ್ಕೂ ಬಣ್ಣಿಲ್ಲ. ಪಾಪ, ಬಡವ್ರು ಕಣ್ಲಾ" ಎಂದಳು ಚಿಕ್ಕವ್ವ. ಹೆಲಿಕಾಪ್ಟರ್ ನೋಡಿ ಮಾತ್ರ ಮುಖ ಅರಳಿತು. "ಇದೇನ್ ಬುಡ್ಲಾ, ತಲೆ ಕೆಳಗಾದ ಬುಗುರಿ. ಇದ ಮೊದ್ಲು ಮಾಡಾಕ್ತೀನಿ."

ಕಷ್ಟವಿದ್ದದ್ದು ರೆಕ್ಕೆಯಲ್ಲಿ. ಲೇತಿನ ಮೇಲೆ ಏನೇ ಕಡೆದರೂ ಗುಂಡಗೇ ಬರುತ್ತದೆ, ರೆಕ್ಕೆ ಗುಂಡಗಿರುವುದಿಲ್ಲ. ಬೇರೆಯವರಾದರೆ ಹಲಗೆ ಕೊಯ್ದು ಮೊಳೆ ಹೊಡೆಯುತ್ತಿದ್ದರು. ಚಿಕ್ಕವ್ವ ಎರಡು ದಿನ ಸುಮ್ಮನೆ ಕೂತಿದ್ದು, ಮೂರನೆಯ ದಿನ ನಮ್ಮ ಆಟಿಕೆಗೆಲ್ಲ ಬಳಸುವ ಹಾಲೆ ಮರದಲ್ಲಿ ಒಂದು ತಟ್ಟೆ ಕಡೆದಳು. ನಡುವೆ ದಪ್ಪ, ಅಂಚಿಗೆ ಬರುಬರುತ್ತ ತೆಳು. ಅದರ ನಟ್ಟನಡುವೆ ಒಂದು ಪಟ್ಟಿಯನ್ನು ಗರಗಸದಲ್ಲಿ ಕೊಯ್ದು ತೆಗೆದರೆ, ಎಡದ ರೆಕ್ಕೆ ಬಲದ ರೆಕ್ಕೆ ಒಂದೇ ತುಂಡಿನಲ್ಲಿ, ತುದಿ ಸವೆದು ಸವೆದು ಹೋದ ಹಾಗೆ. ಪಕ್ಕದ ಚೂರುಗಳಲ್ಲಿ ಬಾಲ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಯಾರನ್ನೂ ಅಣಕಿಸಲು ತೋಚದೆ ಇದ್ದ ಗಳಿಗೆಗಳು ನನ್ನ ಬಾಳಿನಲ್ಲಿ ಕಡಿಮೆ.

ಈ ಉಪಾಯಕ್ಕೆ ಒಂದು ತೊಡಕಿತ್ತು. ನಮ್ಮ ಆಟಿಕೆಗೆ ಬಣ್ಣ ಬಳಿಯುವುದಿಲ್ಲ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಕರಗಿ ಅಂಟಿಕೊಳ್ಳುತ್ತದೆ. ಅಂದರೆ ತಟ್ಟೆ ತಿರುಗುತ್ತಿರುವಾಗಲೇ ಬಣ್ಣ ಕೊಟ್ಟುಬಿಡಬೇಕು. ಕೊಯ್ದ ಮೇಲೆ ಆ ಪಟ್ಟಿ ತಿರುಗುವುದಿಲ್ಲ, ಬಣ್ಣ ಬದಲಾಗುವುದಿಲ್ಲ. ಬೂದು ಬಣ್ಣದ ಅರಗು ಅವಳ ಬಳಿ ಇರಲಿಲ್ಲ. ಬೂದು ಬುಗುರಿ ಬೇಕೆಂದು ಯಾವ ಮಗು ಅಳುತ್ತದೆ? ಬೂದು ಅರಗು ಮಾಡಿಕೊಳ್ಳಬೇಕೋ ಬೇಡವೋ ಎಂದು ಕೇಳಲು ಸಾಹುಕಾರರಿಗೆ ಎರಡು ದಿನ ಫೋನು ಮಾಡಿದಳು. ಅವರು ಎತ್ತಲಿಲ್ಲ.

ಆಗ ನಾನು ಹೊರಗೆ ಹೋಗಿ, ಗೆಳೆಯನ ಫೋನಿನಿಂದ, ಸಾಹುಕಾರರ ಮೂಗಿನ ದನಿಯಲ್ಲಿ ಅವಳಿಗೆ ಫೋನು ಮಾಡಿದೆ. "ನಾನು ಕಣಮ್ಮಾ, ಬೇರೆ ನಂಬ್ರು. ಹಳೇವಕ್ಕೆಲ್ಲ ಅರಿಶಿನ ಹಾಕು, ಈಗಿನವಕ್ಕೆಲ್ಲ ಕುಂಕುಮದ ಕೆಂಪು ಹಾಕು. ಒಸಿ ಲಕ್ಷಣವಾಗಿರ್ಲಿ."

"ಆಯ್ತು ಸಾವ್ಕಾರ್ರೇ" ಎಂದಳು.

ಒಳಗೆ ಬಂದು ನಗೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಮಾಗಡಿಯಿಂದ ಒಂದು ಆರತಕ್ಷತೆಗೆ ಕರೆ ಬಂತು, ಒಪ್ಪಿಕೊಂಡವನು ಕೈಕೊಟ್ಟಿದ್ದಾನೆ, ಈಗಲೇ ಬಾ ಎಂದು. ಓಡಿಹೋಗಿ ಬಸ್ಸು ಹತ್ತಿದೆ. ಮಾಗಡಿಯಲ್ಲಿ ಜನ ಹೊಟ್ಟೆ ಹಿಡಿದು ನಕ್ಕರು. ಮಾರನೆಯ ದಿನ ಇನ್ನೊಂದು ಮನೆ, ಅದರ ಮಾರನೆಯ ದಿನ ಗೆಳೆಯರ ಜೊತೆ ಸಾವನದುರ್ಗ ಹತ್ತಿದೆ. ಬಂಡೆಯ ತುದಿಯಲ್ಲಿ ನಿಂತಿರುವಾಗ ತಲೆಯ ಮೇಲೆ ಒಂದು ವಿಮಾನ ಹೋಯಿತು. ಆಗ ನೆನಪಾಯಿತು.

ಊರಿಗೆ ಬಂದಾಗ ಚಿಕ್ಕವ್ವ ಹಗಲು ರಾತ್ರಿ ಕೂತು ತಟ್ಟೆಗಳನ್ನೆಲ್ಲ ಕೊಯ್ದು ಮುಗಿಸಿದ್ದಳು. ಕೊಟ್ಟಿಗೆಯ ಕಿಟಕಿಯಲ್ಲಿ ಆರು ಹಳದಿ, ಐದು ಕೆಂಪು ವಿಮಾನಗಳು ಮದುವೆ ದಿಬ್ಬಣದಂತೆ ಸಾಲಾಗಿ ನಿಂತಿದ್ದವು. ಫೋನಿನ ದನಿ ನನ್ನದೇ ಎಂದು ಹೇಳಿದೆ. ಚಿಕ್ಕವ್ವ ಕೈಯಲ್ಲಿದ್ದ ಅರಗಿನ ಕಡ್ಡಿಯನ್ನು ಬೀಸಿ ಒಗೆದಳು, ಕಿವಿಗೆ ಬಿತ್ತು. "ಮುಟ್ಟಾಳ್ ನನ್ ಮಗ್ನೆ, ಒಣಗಿದ್ ಮರೆಲ್ಲ ಮುಗುದೋಯ್ತಲ್ಲೋ! ಹಸಿ ಮರದಾಗೆ ಮಾಡುದ್ರೆ ಸೀಳೋಯ್ತದೆ. ಇನ್ನೆಲ್ಲಿ ಬರೀಲೋ ನನ್ ಹೆಸ್ರ?"

ಅವಳನ್ನು ಕೂರಿಸಿ, ನಾನೇ ಹೋಗಿ ಸಾಹುಕಾರರನ್ನು ಕರೆತಂದು ತಪ್ಪೊಪ್ಪಿಕೊಂಡೆ. ಅವರು ವಿಮಾನಗಳನ್ನು ನೋಡಿ, "ಯುದ್ಧದ ವಿಮಾನಕ್ಕೆ ಅರಿಶಿನ ಕುಂಕುಮ ಇಟ್ಟವ್ಳಲ್ಲಯ್ಯ, ಇನ್ನು ಮಡಿಲು ತುಂಬೋದೊಂದು ಬಾಕಿ" ಎಂದರು. ಅದು ಚೆನ್ನಾಗಿಯೇ ಇತ್ತು, ಕದ್ದು ವೇದಿಕೆಯಲ್ಲಿ ಬಳಸಿದ್ದೇನೆ. ಆಮೇಲೆ ಅಂದದ್ದು ಚೆನ್ನಾಗಿರಲಿಲ್ಲ. "ಎಲ್ಲಾನೂ ಗ್ಯಾರೇಜಿಗೆ ಕೊಟ್ಟು ಬೂದು ಸ್ಪ್ರೇ ಹೊಡುಸ್ತೀನಿ. ಕೆಲ್ಸ ಕೆಡುಸ್ದೋರ ಹೆಸರು ಬರೆಯೋಕಾಗಲ್ಲಮ್ಮ. ನನ್ ಚೀಟಿನೇ ಇರ್ಲಿ."

ಹಾಗೆ ಹೇಳುತ್ತ ಜೇಬಿನಿಂದ ಚೀಟಿಯ ಸುರುಳಿ ತೆಗೆದು, ಅಲ್ಲೇ ಒಂದೊಂದಾಗಿ ಅಂಟಿಸತೊಡಗಿದರು. ನಾನು ಹತ್ತಿರ ಹೋಗಿ ಓದಿದೆ. ಅಂಗಡಿಯ ಹೆಸರು, ಅದರ ಕೆಳಗೆ ಆ ದೇಶದ ವಾಯುಪಡೆಯ ಹೆಸರು, ಅದರ ಕೆಳಗೆ 'ವಿನ್ಯಾಸ ಮತ್ತು ತಯಾರಿಕೆ' ಎಂದು ಇವರದೇ ಹೆಸರು. ಹೊಳೆಯುವ ಕಾಗದದಲ್ಲಿ ಅಚ್ಚಾದದ್ದು. ನಾನು ತಪ್ಪೊಪ್ಪಿಕೊಂಡು ಗಂಟೆಯೂ ಆಗಿರಲಿಲ್ಲ. ಅಂಥ ಚೀಟಿ ಗಂಟೆಯಲ್ಲಿ ಅಚ್ಚಾಗಿ ಬರುವುದಿಲ್ಲ.

ನನ್ನ ತಪ್ಪು ಅವರಿಗೆ ನೆಪ ಮಾತ್ರವಾಗಿತ್ತು. ಮರ ಕೊಯ್ಯುವ ಮೊದಲೇ ಹೆಸರನ್ನು ಕೊಯ್ದಾಗಿತ್ತು. ಇಷ್ಟು ವರ್ಷಗಳ ಬುಗುರಿ, ಗಿಲಕಿಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ. ಬಾಯಿಗೆ ಬಂದದ್ದೆಲ್ಲ ಕೂಗಿದೆ. ಆದರೆ ನನ್ನ ಹಣೆಬರಹ ನೋಡಿ: ಕೂಗಿದ್ದು ಅವರದೇ ಮೂಗಿನ ದನಿಯಲ್ಲಿ. ಅಭ್ಯಾಸಬಲ. ಬೀದಿಯವರು ಇಣುಕಿ ನಕ್ಕರು. ಸಾಹುಕಾರರೂ ನಕ್ಕು, "ಚೆನ್ನಾಗ್ ಮಾಡ್ತೀಯ ಕಣಯ್ಯ" ಎಂದು ಬೆನ್ನು ತಟ್ಟಿ, ವಿಮಾನಗಳನ್ನು ಡಬ್ಬಿಗೆ ತುಂಬಿಕೊಂಡು ಹೋದರು.

ಚಾಲಕರು ಬರುವ ದಿನ ಚಿಕ್ಕವ್ವನನ್ನು ಯಾರೂ ಕರೆದಿರಲಿಲ್ಲ. ಅವಳೇ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು, "ನಡೀಲಾ. ಅವ್ರ ಮಾತ ನಂಗೆ ಹೇಳು, ನನ್ ಮಾತ ಅವ್ರಿಗೆ ಹೇಳು. ನಿನ್ ಮಾತ ಮಾತ್ರ ಆಡ್ಬೇಡ" ಎಂದಳು.

ಅಂಗಡಿಯ ಮೇಜಿನ ಮೇಲೆ ಹನ್ನೊಂದೂ ಬೂದಾಗಿ ನಿಂತಿದ್ದವು. ಚಾಲಕರು ಬಿಳಿಗೂದಲಿನ, ಮೆಲುದನಿಯ ಮನುಷ್ಯ. ಎರಡು ಅಂತಸ್ತಿನ ರೆಕ್ಕೆಯ ವಿಮಾನವನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ರೆಕ್ಕೆ ಸವರಿದರು. ನುಣುಪಾದ ಅರಗಿನ ಮೇಲೆ ಸ್ಪ್ರೇ ಹಿಡಿದಿರಲಿಲ್ಲ. ಬೂದು ಸಿಪ್ಪೆಯಂತೆ ಎದ್ದು ಬಂತು. ಕೆಳಗೆ ಅರಿಶಿನ. ಸಾಹುಕಾರರ ಮುಖ ಗ್ಯಾರೇಜಿಗೆ ಹೋಗದೆಯೇ ಬೂದಾಯಿತು.

ಚಾಲಕರು ಉಗುರಿನಿಂದ ಇನ್ನಷ್ಟು ಕೆರೆದರು. ಆಮೇಲೆ ಇಂಗ್ಲಿಷಿನಲ್ಲಿ, ಹಾರುವುದನ್ನು ಕಲಿಸುವ ವಿಮಾನ ದೂರಕ್ಕೂ ಕಾಣಲೆಂದು ಹಳದಿಯೇ ಇತ್ತು, ನಾನು ಕಲಿತದ್ದು ಇದರಲ್ಲೇ, ಫೋಟೊದಲ್ಲಿ ಕಾಣದ ಈ ಬಣ್ಣ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಈಗಿನ ಜೆಟ್ಟೊಂದನ್ನೂ ಕೆರೆದು, ಕೆಂಪು ಕಂಡು ನಕ್ಕು, ಹಳೆಯವೆಲ್ಲ ಹಳದಿಯಲ್ಲೇ ಇರಲಿ, ಇದನ್ನು ಮಾತ್ರ ನಮ್ಮ ದಂಡನಾಯಕರಿಗೆ ತೋರಿಸಲಾರೆ ಎಂದರು. ಆಮೇಲೆ ರೆಕ್ಕೆಯನ್ನು ಬೆಳಕಿಗೆ ಹಿಡಿದು, ಮೊಳೆಯಿಲ್ಲದೆ, ತುದಿ ಹೀಗೆ ತೆಳ್ಳಗೆ, ಯಾರು ಕಡೆದದ್ದು ಎಂದು ಕೇಳಿದರು.

"ನಾನೇ ಸಾರ್. ನನ್ನ ವಿನ್ಯಾಸ" ಎಂದರು ಸಾಹುಕಾರರು.

ಚಿಕ್ಕವ್ವನಿಗೆ ಅದನ್ನು ಹೇಳಿದೆ. ಅವಳು ಕೈಚೀಲದಿಂದ ಹಾಲೆ ಮರದ ಒಂದು ಹಸಿ ತುಂಡು, ತನ್ನ ಉಳಿ ತೆಗೆದು, ಅಂಗಡಿಯ ಮುಂದಿನ ಆ ಫೋಟೊ ಲೇತಿನ ಮೇಲೆ ಇಟ್ಟಳು.

"ಏನಮ್ಮ ಇದು, ದೊಡ್ಡೋರ ಮುಂದೆ!" ಎಂದರು ಸಾಹುಕಾರರು. "ಯಾರು ಕಡುದ್ರೇನು, ಚೀಟಿ ಅಂಗಡೀದು ತಾನೇ?"

ಅದಾದ ಮೇಲೆ ನಡೆದದ್ದು ಇಷ್ಟೇ. ಆರು ಹಳದಿ ವಿಮಾನಗಳು ಬೂದು ಕಳಚಿಕೊಂಡು, ತಳದಲ್ಲಿ ವಾಲಿದ ಅಕ್ಷರದ ಹೆಸರು ಹೊತ್ತು ಆ ದೇಶಕ್ಕೆ ಹೋದವು. ಕೆಂಪನೆಯ ಐದು ನಮ್ಮ ಟಿವಿಯ ಮೇಲಿವೆ. ಸಾಹುಕಾರರು ಅವಳಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದ್ದಾರೆ. ಬೇರೆ ಮನೆಗಳ ಬುಗುರಿಗೆ ಇವತ್ತೂ ಅವರ ಚೀಟಿ ಬೀಳುತ್ತಿದೆ. ನಾನು ಹೋದ ಹೋದ ವೇದಿಕೆಯಲ್ಲಿ ಅವರನ್ನು ಅಣಕಿಸುತ್ತಲೇ ಇದ್ದೇನೆ. ಚಿಕ್ಕವ್ವನನ್ನು ಮಾತ್ರ ಅಣಕಿಸಲು ಇನ್ನೂ ಬಂದಿಲ್ಲ. ಆ ದಿನ, ಬಾಗಿಲ ಬಳಿಯ ಲೇತಿನ ಮೇಲೆ ಕೈಯಿಟ್ಟು, ದನಿ ಎತ್ತದೆ ಅವಳು ಸಾಹುಕಾರರಿಗೆ ಹೇಳಿದ್ದು ಇದು:

"ಬನ್ನಿ ಸಾವ್ಕಾರ್ರೇ, ಒಂದು ರೆಕ್ಕೆ ಕಡುದ್ ತೋರ್ಸಿ. ನಿಮ್ ಚೀಟಿಗೆ ನಾನೇ ಅಂಟು ಹಚ್ತೀನಿ."