ತಗಡಿನ ಆಚೆ ನಮ್ಮಣ್ಣ

ನಮ್ಮಣ್ಣ ಮಾನಪ್ಪ ಯಾವ ಲೋಹವನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ, ತಲೆ ವಾರೆ ಮಾಡಿ ಕೇಳುತ್ತಿದ್ದ. ಹೆಣ್ಣು ನೋಡಲು ಹೋದ ಮನೆಯಲ್ಲಿ ತಾನು ಕುಳಿತಿದ್ದ ಟ್ರಂಕನ್ನೇ ತಟ್ಟಿ, "ತಳಾ ಹೋಗೇತ್ರಿ ಮಾವಾರ, ಇದರಾಗ ಅರಿವಿ ಇಡಬ್ಯಾಡ್ರಿ" ಎಂದನಂತೆ. ಆ ಸಂಬಂಧ ಅಲ್ಲಿಗೇ ಮುರಿಯಿತು. "ಆದ್ರ ತಳಾ ಹೋಗಿದ್ದು ಖರೇನ ಇತ್ತು ನೋಡು" ಎಂದು ಮನೆಗೆ ಬಂದು ನಗುತ್ತಿದ್ದ.

ನಾವು ಹಳೇ ಹುಬ್ಬಳ್ಳಿಯ ಕಂಬಾರರು. ನನ್ನ ಶಾಲೆ ಎರಡನೇ ಇಯತ್ತೆಗೆ ಮುಗಿಯಿತು. ಅಪ್ಪ ತೀರಿದ ಮೇಲೆ ಕುಲುಮೆಯ ತಿದಿ ನನ್ನ ಕೈಗೆ ಬಂತು. ಚಮ್ಮಟಿಗೆ ಎತ್ತುವುದೂ ನಮ್ಮ ಮನೆಯ ಹೆಂಗಸರಿಗೆ ಹೊಸದಲ್ಲ.

ಅದು ಯುದ್ಧದ ಕಾಲ. ಹೊಸ ಮೋಟಾರು ಸಿಗುತ್ತಿರಲಿಲ್ಲ. ಮೆಣಸಿನಕಾಯಿ ವ್ಯಾಪಾರಿ ಚನ್ನಬಸಪ್ಪ ಯಾರದೋ ಹಿತ್ತಲಲ್ಲಿ ಬಿದ್ದಿದ್ದ ಸಣ್ಣ ಲಾರಿಯೊಂದನ್ನು ಎತ್ತು ಕಟ್ಟಿ ಎಳೆಸಿಕೊಂಡು ನಮ್ಮ ಅಂಗಳಕ್ಕೆ ತಂದ. ಎಂಜಿನ್ನಿನ ರಿಪೇರಿ ಬೇರೆಯವರ ಪಾಲು, ಮೈಯ ತಗಡಿನ ಕೆಲಸ ನಮ್ಮದು. ತುಕ್ಕು ತಿಂದ ತೂತುಗಳಲ್ಲಿ ಕೋಳಿಮರಿಗಳು ಹಾಯ್ದಾಡುತ್ತಿದ್ದವು. ಅಣ್ಣ ಇಡೀ ದಿನ ತಟ್ಟಿ ತಟ್ಟಿ, ಸತ್ತ ತಗಡಿನ ಮೇಲೆಲ್ಲ ಸುಣ್ಣದ ಗೆರೆ ಎಳೆದ. ನಾನು ಸೀಮೆಎಣ್ಣೆ ಹಚ್ಚಿ ಇಟ್ಟಿಗೆ ಚೂರಿನಿಂದ ತುಕ್ಕು ತಿಕ್ಕಿದೆ. ಅವನು ಕೊಳೆತದ್ದನ್ನು ಕತ್ತರಿಸಿ ಡಬ್ಬಿಯ ತಗಡಿನ ತೇಪೆ ಕೂರಿಸಿದ.

"ಇದೊಂದು ಛಲೋ ಆತಂದ್ರ ಬಂಡಿ ಗಾಲಿಗೆ ಹಳಿ ಬಡಿಯೂದ ಬಿಟ್ಟು ಮೋಟಾರ ಕೆಲಸಕ್ಕs ನಿಲ್ಲತೇನಿ" ಎನ್ನುತ್ತಿದ್ದ.

ತೇಪೆ ಬಿಗಿಯುವ ರಿವೆಟ್ ಮೊಳೆ ಬಡಿಯಲು ಇಬ್ಬರು ಬೇಕು. ತಗಡಿನ ಈಚೆ ನಾನು ಕಬ್ಬಿಣದ ಗಟ್ಟಿಯೊತ್ತಿ ರಿವೆಟ್ಟಿನ ತಲೆಯನ್ನು ಹಿಡಿಯಬೇಕು. ಆಚೆ ಅವನು ಕೆಂಪಗೆ ಕಾದ ತುದಿಯನ್ನು ಬಡಿಯಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣದು.

"ಹಿಡದಿ?"

"ಹಿಡದೇನಿ."

ಆಮೇಲೆಯೇ ಸುತ್ತಿಗೆ ಬೀಳುತ್ತಿತ್ತು.

ಕೊನೆಗೆ ಉಳಿದದ್ದು ಹಿಂಬಾಗಿಲ ಚಿಲಕದ ಕೊಂಡಿ. ಅದನ್ನು ಹಿಡಿದಿಡುವುದು ಒಂದೇ ದಪ್ಪ ರಿವೆಟ್. ಚನ್ನಬಸಪ್ಪ ಬಂದು ಅಣ್ಣನ ಪಕ್ಕ ನಿಂತ.

"ಏನೋ ಮಾನಪ್ಪಾ, ನನ್ನ ಗಾಡಿ ಹೆಣ್ಣಮಕ್ಕಳ ಕೈಯಾಗ ಕೊಟ್ಟಿಯೇನು? ಬಳಿ ಬಡದು ತಗಡ ಸೊಟ್ಟಾದೀತಲೇ!"

"ನಮ್ಮ ಗೌರಿ ಹಿಡದ್ಲಂದ್ರ ನಾ ತಿರುಗಿ ನೋಡಂಗಿಲ್ರಿ, ಸಾವ್ಕಾರ್ರ."

ಲಾರಿಯೊಳಗೆ ಕುಳಿತ ನನ್ನ ಎದೆಯುಬ್ಬಿತು. ಸುತ್ತಿಗೆ ಬೀಳತೊಡಗಿತು. ಕೆಂಡದಂಥ ಚೂರೊಂದು ಸಂದಿನಿಂದ ಸಿಡಿದು ಮಣಿಕಟ್ಟಿಗೆ ಅಂಟಿತು. ಕೈ ಸರಿಯಿತು. ನಾನು ಗಟ್ಟಿಯನ್ನು ಮತ್ತೆ ಒತ್ತುವಷ್ಟರಲ್ಲಿ ಏಟುಗಳು ಆಸರೆಯಿಲ್ಲದೆ ಬಿದ್ದಾಗಿತ್ತು.

ಸುತ್ತಿಗೆ ನಿಂತಿತು. "ದನಿ ಒಡೀತು. ಕೈ ಸರೀತೇನು?"

ಹೌದೆಂದರೆ ಆ ರಿವೆಟ್ ಕತ್ತರಿಸಿ ಇನ್ನೊಂದನ್ನು ಕಾಸಬೇಕು, ಅಷ್ಟೇ. ಆದರೆ ಸಾಹುಕಾರ ನಿಂತಿದ್ದ.

"ಇಲ್ಲಣ್ಣಾ, ಹಿಡದೇನಿ."

ಅವನು ಆರುತ್ತಿದ್ದ ಕಬ್ಬಿಣವನ್ನು ಬಡಿದು ಮುಗಿಸಿದ. ಅದರ ಮೇಲೆ ನಾನೇ ಬಣ್ಣ ಹಚ್ಚಿದೆ.

ವಾರ ತುಂಬುವ ಮೊದಲೇ ನವಲೂರ ಏರಿನಲ್ಲಿ ಕೊಂಡಿ ಕಿತ್ತು ಹಿಂಬಾಗಿಲು ಬಿಚ್ಚಿಕೊಂಡಿತು. ಚೀಲಗಳ ಮೇಲೆ ಕುಳಿತಿದ್ದ ಹಮಾಲ ಫಕೀರಪ್ಪ ಕೆಳಗೆ ಬಿದ್ದ. ತೊಡೆ ಮುರಿಯಿತು, ಮತ್ತೆಂದೂ ಅವನು ನೆಟ್ಟಗೆ ನಡೆಯಲಿಲ್ಲ.

ಅಣ್ಣ ಆ ಕೊಂಡಿಯನ್ನು ಮನೆಗೆ ತಂದ. ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ.

"ತಲಿ ಕುಂತಿಲ್ಲ, ಗೌರೀ. ನಿನ್ನ ಕೈ ಗಟ್ಟಿ ಇತ್ತು. ನನ್ನ ಏಟ ಸುಳ್ಳಾತು. ಕಿವೀನೂ ಸುಳ್ಳ ಹೇಳ್ತು."

ನಾನು ನಾದುತ್ತಲೇ ಇದ್ದೆ.

ಅವನು ಮತ್ತೆ ಸುತ್ತಿಗೆ ಮುಟ್ಟಲಿಲ್ಲ. ಕಟ್ಟಿಗೆ ಅಡ್ಡೆಯ ಬಾಗಿಲು ಕಾಯುವ ಕೆಲಸಕ್ಕೆ ಸೇರಿದ. ಓಣಿಯವರು ಕೊಡ ತಂದು "ತಟ್ಟಿ ನೋಡ, ಮಾನಪ್ಪಾ" ಎಂದರೆ, "ನನಗ ತಿಳಿಯಂಗಿಲ್ರಿ" ಎಂದು ಎದ್ದು ಹೋಗುತ್ತಿದ್ದ.

ಕೆಲವು ವರ್ಷ ಕಳೆದು ಅವನು ಹಾಸಿಗೆ ಹಿಡಿದಾಗ ನಾನು ಗಂಡನ ಮನೆಯಿಂದ ಬಂದೆ. ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ.

"ಗೌರೀ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ. ಅವತ್ತ ಖರೇನ ಹಿಡದಿದ್ದಿ, ಇಲ್ಲೋ?"

ಈಗ ಸಾಹುಕಾರನಿರಲಿಲ್ಲ, ನಡುವೆ ತಗಡೂ ಇರಲಿಲ್ಲ. ಅಣ್ಣ ನನ್ನನ್ನೇ ನೋಡುತ್ತಿದ್ದ. ಆ ಕಣ್ಣಲ್ಲಿ ನಾನಿನ್ನೂ ಗಟ್ಟಿ ಕೈಯ ಗೌರಿಯಾಗಿದ್ದೆ.

"ಹಿಡದಿದ್ನಿ, ಅಣ್ಣಾ" ಎಂದೆ.

"ಹಂಗಾರ ನಂದs ತಪ್ಪು ಬಿಡು" ಎಂದು ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡ.